ವಯನಾಡಿನ ಜೀನಾ

ಗುಂಡ್ಲುಪೇಟೆಯಿಂದ ಅರಣ್ಯಮಾರ್ಗವಾಗಿ ಸುಲ್ತಾನ್ ಬತ್ತೇರಿಯತ್ತ ಸಾಗುವ ಕನ್ನಡಿಗರಿಗೆ ವಯನಾಡೆಂದರೆ ಕಾಫಿ, ಮೆಣಸು, ಮಂಜು ಮುಸುಕಿದ ಗಿರಿಶ್ರೇಣಿ; ಆದರೆ ಭಾರತದ ಮಹಿಳಾ ಬಾಸ್ಕೆಟ್‌ಬಾಲ್ ತಂಡದ ನಾಯಕತ್ವವನ್ನು ವಹಿಸಿದ ಪಿ. ಎಸ್. ಜೀನಾ ಆ ನಾಡಿನವರೇ ಎಂಬುದನ್ನು ಬಲ್ಲವರು ವಿರಳ.

ಅಮೆರಿಕದಲ್ಲಿ 1997ರಿಂದ ಮಹಿಳೆಯರ ವೃತ್ತಿಪರ ಲೀಗ್ ನಡೆಯುತ್ತಿರುವುದರಿಂದ, ಕಾಲೇಜಿನಲ್ಲಿ ಮೆರೆದ ಆಟಗಾರ್ತಿ ನೇರವಾಗಿ ಆಟವನ್ನೇ ಜೀವನೋಪಾಯವಾಗಿ ಸ್ವೀಕರಿಸಬಲ್ಲಳು. ನಮ್ಮಲ್ಲಾದರೋ ಅಂಥ ಸ್ಥಿರವಾದ ವ್ಯವಸ್ಥೆ ಬೆಳೆಯದ ಕಾರಣ, ರೈಲ್ವೆಯೋ ವಿದ್ಯುತ್ ಮಂಡಳಿಯೋ ಕ್ರೀಡಾಪಟುವಿಗೆ ಕೊಡುವ ಉದ್ಯೋಗವೇ ಆಕೆಯ ಆಧಾರಸ್ತಂಭ. ಕಣ್ಣೂರಿನಲ್ಲಿ ವಿದ್ಯೆಯೊಡನೆ ಆಟವನ್ನೂ ರೂಢಿಸಿಕೊಂಡ ಜೀನಾ, ಕೇರಳ ರಾಜ್ಯ ವಿದ್ಯುತ್ ಮಂಡಳಿಯ ತಂಡವನ್ನು ಸೇರಿದುದು ಈ ಕ್ರಮದಲ್ಲಿಯೇ.

2017ರ ಜುಲೈನಲ್ಲಿ, ನಮ್ಮ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ, ಏಷ್ಯಾ ಕಪ್ಪಿನ ಬಿ ವಿಭಾಗದ ಅಂತಿಮ ಪಂದ್ಯದಲ್ಲಿ ಭಾರತವು ಕಜಕಸ್ಥಾನವನ್ನು 75–73ರಿಂದ, ಎಂದರೆ ಒಂದೇ ಬುಟ್ಟಿಯ ಅಂತರದಿಂದ ಪರಾಭವಗೊಳಿಸಿ ಮೇಲಿನ ವಿಭಾಗಕ್ಕೇರಿದಾಗ ಆ ತಂಡದಲ್ಲಿ ಅವರಿದ್ದರು. ಮರುವರ್ಷ ಜಕಾರ್ತದ ಏಷ್ಯನ್ ಕ್ರೀಡಾಕೂಟದಲ್ಲಿ ತಂಡದ ನಾಯಕಿಯಾದರು. ಅನಂತರ, 2019ರಲ್ಲಿ, ಮೆಲ್ಬರ್ನ್ ನಗರದ ರಿಂಗ್‌ವುಡ್ ತಂಡ ಅವರನ್ನು ಬರಮಾಡಿಕೊಂಡಿತು. ಕೇರಳದವರೇ ಆದ ಗೀತು ಅನ್ನಾ ಜೋಸ್ ಹಿಂದೆ ಆಡಿದ ತಂಡವದು; ಹಿರಿಯಳು ತುಳಿದ ದಾರಿ ಕಿರಿಯಳಿಗೆ ಎಷ್ಟು ಸುಗಮವಾಗುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವನ್ನು ನಾನು ಕಾಣೆ.

ನಮ್ಮ ರಾಜ್ಯದ ಸಂಸ್ಥೆಗಳೂ ಕಾಲೇಜು ಮುಗಿಸಿದ ಆಟಗಾರ್ತಿಯರಿಗೆ ಇಂಥ ಉದ್ಯೋಗಾಶ್ರಯವನ್ನು ಇನ್ನಷ್ಟು ಉದಾರವಾಗಿ ಕಲ್ಪಿಸಬೇಕು.