ಆರೋಗ್ಯದ ಜಾಲತಾಣ: ನಂಬುವ ಮುನ್ನ

ಬೇತಮಂಗಲ, ಬಂಗಾರಪೇಟೆ, ಕೋಲಾರ ಚಿನ್ನದ ಗಣಿ ಪ್ರದೇಶಗಳ ಮನೆಗಳಲ್ಲಿಯೂ ಇಂದು ಕಾಯಿಲೆ ಕಾಣಿಸಿಕೊಂಡೊಡನೆ ಕೈ ಮೊಬೈಲಿನತ್ತ ಹೋಗುತ್ತದೆ. ಅಲ್ಲಿ ತೆರೆದುಕೊಳ್ಳುವ ಜಾಲತಾಣಗಳಲ್ಲಿ ಹಿತವಾದುವೂ ಇವೆ. ಹಣಕ್ಕೂ ಪ್ರಾಣಕ್ಕೂ ಕುತ್ತು ತರುವುವೂ ಇವೆ. ಇವನ್ನು ಬೇರ್ಪಡಿಸಿ ನೋಡುವ ಬಗೆಯನ್ನು ನಾವೆಲ್ಲರೂ ಅರಿತಿರಬೇಕು.

ಮೊದಲು ವಿಳಾಸವನ್ನು ಗಮನಿಸೋಣ. ವಿಳಾಸದ ಬಳಿ ಬೀಗದ ಚಿಹ್ನೆ ಇದ್ದರೆ, ಅಥವಾ ಅದು ‘ಎಚ್‌ಟಿಟಿಪಿಎಸ್’ ಎಂದು ಆರಂಭವಾದರೆ, ನಾವು ಕಳುಹಿಸುವ ಮಾಹಿತಿಯನ್ನು ದಾರಿಯಲ್ಲಿ ಅನ್ಯರು ಓದಲಾರರು ಎಂದಷ್ಟೇ ಅರ್ಥ. ಪಡೆಯುವವನು ಪ್ರಾಮಾಣಿಕನೆಂಬುದಕ್ಕೆ ಅದು ಸಾಕ್ಷಿಯಲ್ಲ. ವಂಚಕನ ತಾಣಕ್ಕೂ ಬೀಗವಿರಬಹುದು. ಆದುದರಿಂದ ಮೊದಲ ಒಂಟಿ ಓರೆಗೆರೆಯವರೆಗಿನ ಹೆಸರಿನ ಕೊನೆಯನ್ನು ಓದಬೇಕು. ಸರ್ಕಾರಿ ತಾಣಗಳ ಹೆಸರು ಸಾಮಾನ್ಯವಾಗಿ ‘ಜಿಓವಿ ಡಾಟ್ ಇನ್’ ಅಥವಾ ‘ಎನ್‌ಐಸಿ ಡಾಟ್ ಇನ್’ ಎಂದು ಮುಗಿಯುತ್ತದೆ. ‘ಜಿಓವಿ’ ಎಂಬ ಅಕ್ಷರಗಳು ನಡುವೆ ಬಂದು ಹೆಸರು ‘ಡಾಟ್ ಕಾಮ್’ ಎಂದು ಮುಗಿದರೆ, ಅದನ್ನು ಸರ್ಕಾರದ ತಾಣವೆಂದು ನಂಬಲಾಗದು.

ಎರಡನೆಯದು, ತಾಣವು ನೀಡುವ ಭರವಸೆ. ಗಣಿಯಲ್ಲಿ ದುಡಿದ ಹಿರಿಯರನ್ನು ಕಾಡುವ ಸಿಲಿಕೋಸಿಸ್ ರೋಗವನ್ನೇ ನೋಡೋಣ. ಕಲ್ಲಿನ ಸಣ್ಣ ಧೂಳು ಶ್ವಾಸಕೋಶವನ್ನು ಸೇರಿ ಅಲ್ಲಿ ಗಾಯದ ಕಲೆಗಳನ್ನು ಉಂಟುಮಾಡುತ್ತದೆ. ಆ ಕಲೆಗಳನ್ನು ಅಳಿಸುವ ಔಷಧ ಇಂದಿಗೂ ಇಲ್ಲ. ವೈದ್ಯರು ಉಸಿರಾಟದ ಕಷ್ಟವನ್ನು ತಗ್ಗಿಸಬಲ್ಲರು. ಈ ರೋಗಿಗಳನ್ನು ಸುಲಭವಾಗಿ ಹಿಡಿಯುವ ಕ್ಷಯವನ್ನು ಪತ್ತೆಹಚ್ಚಿ ಗುಣಪಡಿಸಬಲ್ಲರು. ಹೀಗಿರಲು ‘ತಿಂಗಳಲ್ಲಿ ಸಂಪೂರ್ಣ ಗುಣ’ ಎನ್ನುವ ತಾಣವು ಸುಳ್ಳು ಹೇಳುತ್ತಿದೆ ಎಂದೇ ತಿಳಿಯಬೇಕು. ಸಕ್ಕರೆ ಕಾಯಿಲೆ, ಕ್ಯಾನ್ಸರ್ ಮೊದಲಾದುವನ್ನು ಗುಣಪಡಿಸುವುದಾಗಿ ಔಷಧದ ಜಾಹೀರಾತು ನೀಡುವುದನ್ನು 1954ರ ಕೇಂದ್ರ ಕಾಯ್ದೆಯೇ ನಿಷೇಧಿಸಿದೆ. ಇಂತಹ ಮಾತನ್ನು ನಂಬಿ ಇನ್ಸುಲಿನ್ ನಿಲ್ಲಿಸಿದರೆ ಜೀವಕ್ಕೇ ಅಪಾಯ.

ಮೂರನೆಯದು, ಹೊಣೆಗಾರಿಕೆ. ಬರೆದ ವೈದ್ಯರು ಯಾರು, ಅವರ ವಿದ್ಯಾರ್ಹತೆ ಏನು, ಮಾಹಿತಿಯನ್ನು ಪರಿಶೀಲಿಸಿದ ದಿನಾಂಕ ಯಾವುದು, ಸಂಸ್ಥೆಯ ವಿಳಾಸ ಎಲ್ಲಿ ಎಂಬುದನ್ನು ಒಳ್ಳೆಯ ತಾಣವು ಮರೆಮಾಡದು. ರೋಗದ ಭಯ ಹುಟ್ಟಿಸಿ ಅದೇ ಪುಟದಲ್ಲಿ ತನ್ನ ಔಷಧವನ್ನು ಮಾರುವ ತಾಣ, ವೈದ್ಯರ ಚೀಟಿ ಕೇಳದೆ ಆ್ಯಂಟಿಬಯೋಟಿಕ್ ಕಳುಹಿಸುವ ತಾಣ, ನೋಂದಣಿಯ ನೆಪದಲ್ಲಿ ಬ್ಯಾಂಕಿನ ಓಟಿಪಿ ಅಥವಾ ಯುಪಿಐ ಪಿನ್ ಕೇಳುವ ತಾಣ, ಈ ಮೂರೂ ದೂರವಿಡತಕ್ಕವು. ಹಣ ಪಡೆಯಲು ಪಿನ್ ಒತ್ತುವ ಅಗತ್ಯ ಎಂದಿಗೂ ಇಲ್ಲ.

ವಂಚನೆಯಾಗಿ ಹಣ ಹೋದರೆ ನಾಚಿಕೆಯಿಂದ ಮುಚ್ಚಿಡದೆ ತಕ್ಷಣವೇ 1930 ಸಂಖ್ಯೆಗೆ ಕರೆಮಾಡಬೇಕು. ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ಜಾಲತಾಣದಲ್ಲಿ ಓದಿದ ವಿಷಯವನ್ನು ವೈದ್ಯರ ಮುಂದಿಟ್ಟು ಕೇಳೋಣ. ಅವರನ್ನು ಕೇಳದೆ ನಡೆಯುತ್ತಿರುವ ಔಷಧವನ್ನು ಬಿಡದಿರೋಣ.