ಡಬ್ಬಿಗೆ ಒಂದು ಗಿನಿ

ಊಟವಾದ ಮೇಲೆ ಹೊಟ್ಟೆ ಉಬ್ಬರ. ಬೆಳಗ್ಗೆ ಏಳುವಾಗ ತಲೆ ಭಾರ. ಒಮ್ಮೆ ಚಳಿ, ಮರುಗಳಿಗೆಗೆ ಮೈಯೆಲ್ಲ ಬಿಸಿ. ಬಾಯಿಗೆ ರುಚಿಯಿಲ್ಲ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ನಿದ್ದೆಯಲ್ಲಿ ಕೆಟ್ಟ ಕನಸು, ಕೈಯಲ್ಲಿ ಸಣ್ಣ ನಡುಕ. ಈ ಪಟ್ಟಿ ಓದುತ್ತ ಹೋದರೆ ಎಲ್ಲಾದರೂ ಒಂದು ಕಡೆ ‘ಅರೆ, ಇದು ನನಗೂ ಇದೆಯಲ್ಲ’ ಅನ್ನಿಸದವರು ಸಿಗುವುದು ಕಷ್ಟ. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ ಬೀಚಮ್ಸ್ ಪಿಲ್ಸ್ ಜಾಹೀರಾತು ಹೀಗೇ ಸಾಗುತ್ತಿತ್ತು. ಪಟ್ಟಿ ಮುಗಿಯುವ ಹೊತ್ತಿಗೆ ಓದುಗ ರೋಗಿಯಾಗಿರುತ್ತಿದ್ದ. ಮೊದಲ ಸಲ ನುಂಗಿದ ಇಪ್ಪತ್ತು ನಿಮಿಷಕ್ಕೇ ಆರಾಮ ಎಂಬ ಭರವಸೆ ಅದರ ಬೆನ್ನಿಗೇ ಇರುತ್ತಿತ್ತು.

ಗುಳಿಗೆ ಬರುತ್ತಿದ್ದದ್ದು ಮುಷ್ಟಿಯಲ್ಲಿ ಅಡಗುವಷ್ಟು ಪುಟ್ಟ ಡಬ್ಬಿಯಲ್ಲಿ. ಒಳಗೆ 56 ಗುಳಿಗೆ, ಬೆಲೆ ಒಂದು ಶಿಲಿಂಗ್ ಒಂದೂವರೆ ಪೆನ್ನಿ. ‘ಈ ಡಬ್ಬಿ ಒಂದು ಗಿನಿ ಬಾಳುತ್ತದೆ’ ಎಂಬುದು ಅದರ ಘೋಷಣೆ. ಗಿನಿ ಎಂದರೆ 21 ಶಿಲಿಂಗ್. ಕೊಟ್ಟ ಕಾಸಿಗೆ ಹದಿನೆಂಟು ಪಟ್ಟಿಗೂ ಮಿಗಿಲಾದದ್ದು ಕೈಗೆ ಬಂತು ಎಂದು ಕೊಂಡವರಿಗೆ ಅನ್ನಿಸಬೇಕು, ಅಷ್ಟೇ ಆ ಮಾತಿನ ಕೆಲಸ. 1859ರಲ್ಲಿ ಲ್ಯಾಂಕಾಶೈರಿನ ಸೇಂಟ್ ಹೆಲೆನ್ಸ್ ಎಂಬ ಊರಿನ ಪತ್ರಿಕೆಯಲ್ಲಿ ಬಂದ ಈ ಮಾತು ಮುಂದೆ ಗೋಡೆ ಗೋಡೆಯ ಮೇಲೂ ಕಾಣಿಸಿಕೊಂಡಿತು.

ಥಾಮಸ್ ಬೀಚಮ್ ಹುಟ್ಟಿದ್ದು 1820ರಲ್ಲಿ, ಆಕ್ಸ್‌ಫರ್ಡ್‌ಶೈರಿನ ಬಡ ಮನೆಯಲ್ಲಿ. ಆಡುವ ವಯಸ್ಸಿಗೆ ಕುರಿ ಕಾಯಲು ಹೋದ ಹುಡುಗ. ಗಿಡಮೂಲಿಕೆಯ ಪರಿಚಯ ಅವನಿಗಾದದ್ದು ಅಲ್ಲೇ. ದೊಡ್ಡವನಾದ ಮೇಲೆ ಲ್ಯಾಂಕಾಶೈರಿಗೆ ಬಂದು ವಿಗನ್ ಸಂತೆಯಲ್ಲಿ ನಿಂತು ಕೂಗಿ ಕೂಗಿ ಗುಳಿಗೆ ಮಾರಿದ. ನಂತರ ಸೇಂಟ್ ಹೆಲೆನ್ಸ್‌ನಲ್ಲಿ ನೆಲೆನಿಂತ. ಅದು ಗಾಜಿನ ಕಾರ್ಖಾನೆ ಮತ್ತು ಕಲ್ಲಿದ್ದಲಿನ ಊರು. ಅವನ ಗಿರಾಕಿಗಳು ಆ ಕೂಲಿಜನ. ವ್ಯಾಪಾರವನ್ನು ದೇಶ ದಾಟಿಸಿದ್ದು ಮಗ ಜೋಸೆಫ್. 1887ರಲ್ಲಿ ಗಡಿಯಾರ ಗೋಪುರದ ದೊಡ್ಡ ಕಾರ್ಖಾನೆ ಎದ್ದಿತು. 1890ರ ದಶಕಕ್ಕೆ ಜಾಹೀರಾತಿಗೇ ವರ್ಷಕ್ಕೆ ಲಕ್ಷ ಪೌಂಡಿಗೂ ಹೆಚ್ಚು ಸುರಿಯುತ್ತಿದ್ದರು.

ಆ ಗುಳಿಗೆಯೊಳಗೆ ಏನಿತ್ತು? ಬಹುಕಾಲ ಕೊಳ್ಳುವವರಿಗೆ ಅದು ಗೊತ್ತಾಗಲಿಲ್ಲ. 1909ರಲ್ಲಿ ಬ್ರಿಟಿಷ್ ವೈದ್ಯಕೀಯ ಸಂಘ ಇಂಥ ಹತ್ತಾರು ಔಷಧಿಗಳನ್ನು ಪ್ರಯೋಗಾಲಯಕ್ಕೆ ಕಳಿಸಿ, ‘ಸೀಕ್ರೆಟ್ ರೆಮಿಡೀಸ್’ ಎಂಬ ಪುಸ್ತಕದಲ್ಲಿ ಲೆಕ್ಕ ಬಿಚ್ಚಿಟ್ಟಿತು. ಬೀಚಮ್ ಗುಳಿಗೆಯಲ್ಲಿ ಇದ್ದದ್ದು ಮೂರು ಪದಾರ್ಥ: ಲೋಳೆಸರದ ಒಣಗಿದ ರಸ, ಶುಂಠಿ ಪುಡಿ, ಸೋಪು. ಮೊದಲನೆಯದು ನಮ್ಮ ಗ್ರಂಥಿಗೆ ಅಂಗಡಿಯಲ್ಲಿ ಕರಿಬೋಳ ಎಂದು ಸಿಗುವ ಅದೇ ಕಪ್ಪು ಕಹಿ ಗಟ್ಟಿ. 56 ಗುಳಿಗೆಗೆ ಬೀಳುವ ಸಾಮಗ್ರಿಯ ಖರ್ಚು ಸುಮಾರು ಅರ್ಧ ಫಾರ್ದಿಂಗ್. ನಾಲ್ಕು ಫಾರ್ದಿಂಗಿಗೆ ಒಂದು ಪೆನ್ನಿ. ಅಂದರೆ ಕೊಂಡವರು ಕೊಡುತ್ತಿದ್ದದ್ದು ಸಾಮಗ್ರಿಯ ಬೆಲೆಯ ನೂರೆಂಟು ಪಟ್ಟು.

ಲೋಳೆಸರದ ರಸ ಭೇದಿಗೆ. ಅದು ದೊಡ್ಡ ಕರುಳಿಗೆ ಇಳಿದ ಮೇಲೆಯೇ ಕೆಲಸ ಶುರು ಮಾಡುವುದು; ಅದಕ್ಕೆ 6ರಿಂದ 12 ಗಂಟೆ ಹಿಡಿಯುತ್ತದೆ. ಸೋಪು ಹಿಟ್ಟು ಹಿಡಿದುಕೊಳ್ಳಲು. ಹಾಗಾದರೆ ಇಪ್ಪತ್ತು ನಿಮಿಷದ ಆರಾಮ ಎಲ್ಲಿಂದ ಬಂತು? ಶುಂಠಿಯಿಂದ ಬಂದಿರಬೇಕು ಎಂದು ನನ್ನ ಊಹೆ. ಹೊಟ್ಟೆಯಲ್ಲಿ ಸ್ವಲ್ಪ ಬೆಚ್ಚಗಾಗುತ್ತದೆ, ಒಂದು ತೇಗು ಬರುತ್ತದೆ, ಔಷಧಿ ಹತ್ತಿತು ಅನ್ನಿಸುತ್ತದೆ. ಬೆಳಗ್ಗೆ ಹೊಟ್ಟೆ ಖಾಲಿಯಾದಾಗ ನಂಬಿಕೆ ಗಟ್ಟಿಯಾಗುತ್ತದೆ. ಕಣ್ಣಿಗೆ ಕಾಣುವ ಫಲ ಕೊಡುವ ಔಷಧಿಯನ್ನು ಜನ ನಂಬಿದ್ದರಲ್ಲಿ ಆಶ್ಚರ್ಯವೇನಿಲ್ಲ. ರೊಟ್ಟಿ, ಆಲೂಗಡ್ಡೆ, ಚಹಾದಲ್ಲೇ ದಿನ ನೂಕುತ್ತಿದ್ದ ಕಾರ್ಖಾನೆಯ ಜನಕ್ಕೆ ಮಲಬದ್ಧತೆ ನಿಜವಾದ ಕಷ್ಟ. ಆ ಕಷ್ಟಕ್ಕೆ ಈ ಗುಳಿಗೆ ನಿಜವಾಗಿಯೂ ಕೆಲಸ ಮಾಡುತ್ತಿತ್ತು. ಸುಳ್ಳು ಇದ್ದದ್ದು ಗುಳಿಗೆಯಲ್ಲಲ್ಲ, ಅದರ ಸುತ್ತ ಸುತ್ತಿದ ಕಾಗದದಲ್ಲಿ.

‘ಪೇಟೆಂಟ್ ಔಷಧಿ’ ಎಂಬ ಹೆಸರನ್ನೇ ನೋಡಿ. ಇವುಗಳಲ್ಲಿ ಬಹುಪಾಲಿಗೆ ಪೇಟೆಂಟ್ ಇರಲೇ ಇಲ್ಲ. ಪೇಟೆಂಟ್ ಬೇಕಾದರೆ ಒಳಗೇನಿದೆ ಎಂದು ಬರೆದುಕೊಡಬೇಕು, ಆ ಗುಟ್ಟೇ ಇವರ ಬಂಡವಾಳ. ಇನ್ನೊಂದು ಕಡೆ ಸರ್ಕಾರ 1783ರಿಂದ ಇಂಥ ಔಷಧಿಗಳ ಮೇಲೆ ತೆರಿಗೆ ಹಾಕಿತ್ತು. ಶಿಲಿಂಗಿನ ಡಬ್ಬಿಗೆ ಒಂದೂವರೆ ಪೆನ್ನಿಯ ಮುದ್ರೆಚೀಟಿ ಅಂಟಿಸಬೇಕು. ಬೆಲೆಯ ಬಾಲದಲ್ಲಿರುವ ಒಂದೂವರೆ ಪೆನ್ನಿ ಅದೇ. ಆದರೆ ಡಬ್ಬಿಯ ಮೇಲೆ ಸರ್ಕಾರದ ಮುದ್ರೆ ಕಂಡ ಬಡಪಾಯಿಗೆ ಅದು ತೆರಿಗೆಯಾಗಿ ಕಾಣಲಿಲ್ಲ, ಸರ್ಕಾರದ ಒಪ್ಪಿಗೆಯಾಗಿ ಕಂಡಿತು. ಮಾರುವವರು ಆ ತಪ್ಪು ತಿಳಿವಳಿಕೆಯನ್ನು ತಿದ್ದಲು ಹೋಗಲಿಲ್ಲ. ಖಜಾನೆಗೆ ಹಣ ಬರುತ್ತಿದ್ದುದರಿಂದ ಸರ್ಕಾರಕ್ಕೂ ಅವಸರವಿರಲಿಲ್ಲ.

ಬೀಚಮ್‌ಗಿಂತ ಮೊದಲು ಈ ದಾರಿ ತೆರೆದವನು ಜೇಮ್ಸ್ ಮಾರಿಸನ್. ಮೂವತ್ತೈದು ವರ್ಷ ಕಾಯಿಲೆಯಿಂದ ನರಳಿ, ತನ್ನ ಗುಳಿಗೆಯಿಂದಲೇ ಗುಣವಾದೆ ಎಂದು ಹೇಳಿಕೊಂಡ ಸ್ಕಾಟ್ಲೆಂಡಿನ ವ್ಯಾಪಾರಿ. 1825ರಲ್ಲಿ ‘ಸಸ್ಯಜನ್ಯ ಸರ್ವೌಷಧ’ವನ್ನು ಮಾರುಕಟ್ಟೆಗೆ ತಂದ. ನಂಬರ್ 1, ನಂಬರ್ 2 ಎಂದು ಎರಡು ಬಗೆ. ಲಂಡನ್ನಿನಲ್ಲಿ ತೆರೆದ ಅಂಗಡಿಗೆ ಇಟ್ಟ ಹೆಸರು ‘ಬ್ರಿಟಿಷ್ ಆರೋಗ್ಯ ಕಾಲೇಜು’. ಎಲ್ಲ ರೋಗವೂ ಕೆಟ್ಟ ರಕ್ತದಿಂದ, ರಕ್ತ ಶುದ್ಧಿಯಾಗಬೇಕಾದರೆ ಭೇದಿಯಾಗಬೇಕು, ವೈದ್ಯರೆಲ್ಲ ಪಾದರಸ ಕೊಟ್ಟು ಕೊಲ್ಲುತ್ತಾರೆ ಎಂಬುದು ಅವನ ವಾದ. ಕೊನೆಯ ಮಾತಿನಲ್ಲಿ ಹುರುಳಿತ್ತು. ಆಗಿನ ವೈದ್ಯರು ರಕ್ತ ತೆಗೆಯುತ್ತಿದ್ದರು, ಪಾದರಸದ ಕ್ಯಾಲೊಮೆಲ್ ತಿನ್ನಿಸುತ್ತಿದ್ದರು. ಅವರಿಂದ ತಪ್ಪಿಸಿಕೊಳ್ಳಲು ಜನ ಇವನ ಬಳಿಗೆ ಓಡಿದರು. ಆದರೆ ಇವನ ಗುಳಿಗೆಯಲ್ಲಿ ಲೋಳೆಸರದ ಜೊತೆ ಹಾವುಮೆಕ್ಕೆ ಕಾಯಿ ಇತ್ತು, ನಮ್ಮ ಮುರುಗಲು, ಉಪ್ಪಾಗೆಯ ಜಾತಿಯ ಮರದಿಂದ ಬರುವ ಗ್ಯಾಂಬೋಜ್ ಎಂಬ ಹಳದಿ ಅಂಟು ಇತ್ತು. ಎರಡೂ ಕರುಳನ್ನು ಹಿಂಡುವಂಥವು. ಗುಣವಾಗದಿದ್ದರೆ ಇನ್ನಷ್ಟು ನುಂಗಿ ಎಂಬುದೇ ಅವನ ಕಂಪನಿಯ ಉಪದೇಶ. ನುಂಗಿದವರಲ್ಲಿ ಕೆಲವರು ಸತ್ತರು. 1836ರಲ್ಲಿ ಲಂಡನ್ನಿನ ಒಬ್ಬ ಏಜೆಂಟ್ ನರಹತ್ಯೆಯ ದೋಷಿ ಎಂದು ತೀರ್ಮಾನವಾಯಿತು. ಶಿಕ್ಷೆ 200 ಪೌಂಡ್ ದಂಡ. ಮಾರಾಟ ನಿಲ್ಲಲಿಲ್ಲ. 1843ರಲ್ಲಿ ಲೇಖಕ ಕಾರ್ಲೈಲ್ ಬರೆದ ‘ಪಾಸ್ಟ್ ಅಂಡ್ ಪ್ರೆಸೆಂಟ್’ ಪುಸ್ತಕದ ಹೊತ್ತಿಗೆ, ಸಮಾಜದ ಎಲ್ಲ ರೋಗಕ್ಕೂ ಒಂದೇ ಮದ್ದು ಹುಡುಕುವ ಹುಚ್ಚಿಗೆ ‘ಮಾರಿಸನ್ ಗುಳಿಗೆ’ ಎಂಬುದೇ ಹೆಸರಾಗಿತ್ತು.

ಪತ್ರಿಕೆಯಲ್ಲಿ ಬರೆಯುವವನಾಗಿ ನನ್ನನ್ನು ಹೆಚ್ಚು ಕಾಡುವ ಕಥೆ ಬೇರೆ. ಥಾಮಸ್ ಪಾರ್ ಎಂಬ ಹಳ್ಳಿಯವನು 152 ವರ್ಷ ಬದುಕಿದ್ದನೆಂದು ಇಂಗ್ಲೆಂಡಿನಲ್ಲಿ ಪ್ರತೀತಿ. 1635ರಲ್ಲಿ ಅವನು ಸತ್ತಾಗ ಶವಪರೀಕ್ಷೆ ಮಾಡಿದ್ದು ರಕ್ತಪರಿಚಲನೆಯನ್ನು ಜಗತ್ತಿಗೆ ತೋರಿಸಿದ ವಿಲಿಯಂ ಹಾರ್ವಿ. ಸಮಾಧಿ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ. ಎರಡು ಶತಮಾನದ ಮೇಲೆ ‘ಪಾರ್ಸ್ ಲೈಫ್ ಪಿಲ್ಸ್’ ಬಂತು. ಮುದುಕನ ದೀರ್ಘಾಯುಸ್ಸಿನ ಗುಟ್ಟು ಇದೇ ಎಂದು ಹೇಳಲಾಯಿತು. ಅದರ ಮಾರಾಟದ ಹಕ್ಕು ಪಡೆದವನು ನಾಟಿಂಗ್‌ಹ್ಯಾಮಿನ ಮುದ್ರಕ ಹರ್ಬರ್ಟ್ ಇಂಗ್ರಾಮ್. ಗುಳಿಗೆ ಪ್ರಚಾರಕ್ಕೆಂದು ಲಂಡನ್ನಿಗೆ ಬಂದವನು, ಆ ಹಣದಿಂದ 1842ರ ಮೇ 14ರಂದು ‘ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್’ ಹೊರಡಿಸಿದ. ಜಗತ್ತಿನ ಮೊದಲ ಸಚಿತ್ರ ವಾರಪತ್ರಿಕೆ ಎಂದು ಹೆಸರಾದದ್ದು ಅದೇ. ಯುದ್ಧ, ಬರ, ಪಟ್ಟಾಭಿಷೇಕಗಳ ಚಿತ್ರವನ್ನು ಮನೆಮನೆಗೆ ತಂದ ಪತ್ರಿಕೆ. ಇಂದಿಗೂ ಇತಿಹಾಸಕಾರರು ಆಕರವೆಂದು ತೆರೆಯುವ ಆ ಸಂಪುಟಗಳ ಬುನಾದಿಯಲ್ಲಿ ಒಂದು ಡಬ್ಬಿ ಗುಳಿಗೆ ಇದೆ. ಇಂಗ್ರಾಮ್ ಮುಂದೆ ಪಾರ್ಲಿಮೆಂಟ್ ಸದಸ್ಯನೂ ಆದ.

ಪತ್ರಿಕೆ ಮತ್ತು ಗುಳಿಗೆ ಒಂದನ್ನೊಂದು ಸಾಕಿದವು. ಜಾಹೀರಾತಿನ ಮೇಲಿನ ತೆರಿಗೆ 1853ರಲ್ಲಿ ಹೋಯಿತು, ಪತ್ರಿಕೆಯ ಮುದ್ರಾಂಕ ಶುಲ್ಕ 1855ರಲ್ಲಿ, ಕಾಗದದ ಸುಂಕ 1861ರಲ್ಲಿ. ಪೆನ್ನಿಗೊಂದು ಪತ್ರಿಕೆ ಸಿಗುವಂತಾಯಿತು. ಅದರ ನಷ್ಟ ತುಂಬಲು ಗುಳಿಗೆಯವರು ತಪ್ಪದೆ ದುಡ್ಡು ಕೊಟ್ಟರು. ‘ಸೀಕ್ರೆಟ್ ರೆಮಿಡೀಸ್’ ಹೊರಬಂದಾಗ ಆ ಪುಸ್ತಕದ ಜಾಹೀರಾತನ್ನು ಹಾಕಲು ಅನೇಕ ಪತ್ರಿಕೆಗಳು ಒಪ್ಪದಿದ್ದುದಕ್ಕೆ ಕಾರಣ ಹುಡುಕಬೇಕಿಲ್ಲ.

ಜಾಹೀರಾತನ್ನು ವಿದ್ಯೆಯ ಮಟ್ಟಕ್ಕೆ ಏರಿಸಿದವನು ಥಾಮಸ್ ಹಾಲೊವೇ. 1837ರಲ್ಲಿ ಮುಲಾಮಿನಿಂದ ಶುರುಮಾಡಿದ, ಬೆನ್ನಿಗೇ ಗುಳಿಗೆ ತಂದ, ನಡುವೆ ಸಾಲಕ್ಕಾಗಿ ಜೈಲಿಗೂ ಹೋಗಿಬಂದ. 1842ರಲ್ಲಿ ಜಾಹೀರಾತಿಗೆ 5,000 ಪೌಂಡ್ ಖರ್ಚು ಮಾಡಿದವನು 1883ರಲ್ಲಿ ಸಾಯುವ ಹೊತ್ತಿಗೆ ವರ್ಷಕ್ಕೆ 50,000 ಮುಟ್ಟಿಸಿದ್ದ. ದೂರದ ದೇಶಗಳ ಭಾಷೆಗಳಲ್ಲೂ ಸೇವನೆಯ ವಿಧಾನ ಅಚ್ಚು ಹಾಕಿಸಿದ. ಅವನಿಗೆ ಪ್ರಿಯವಾದ ಅಸ್ತ್ರ ಗುಣವಾದವರ ಪತ್ರ. ವೈದ್ಯರು ಕೈಬಿಟ್ಟ ಯಕೃತ್ತಿನ ಕಾಯಿಲೆ ಈ ಗುಳಿಗೆಯಿಂದ ವಾಸಿಯಾಯಿತು ಎಂದು ಅರ್ಲ್ ಆಫ್ ಆಲ್ಡ್‌ಬರೋ 1845ರಲ್ಲಿ ಇಟಲಿಯಿಂದ ಬರೆದನೆನ್ನಲಾದ ಪತ್ರವನ್ನು ವರ್ಷಗಟ್ಟಲೆ ಅಚ್ಚು ಹಾಕಿಸಿದ. ದೊರೆಗಳ ಮನೆತನದವರಿಗೇ ಆದ ಮೇಲೆ ನಮಗಾಗದೇ ಎಂದು ದರ್ಜಿಯೂ ಗಾರೆಯವನೂ ಅಂದುಕೊಂಡಿರಬೇಕು.

ಮಗುವಿಲ್ಲದ ಹಾಲೊವೇ ತನ್ನ ಹಣವನ್ನು ಎರಡು ಕಟ್ಟಡಗಳಿಗೆ ಹಾಕಿದ. ಒಂದು ಮಾನಸಿಕ ರೋಗಿಗಳ ಆಸ್ಪತ್ರೆ. ಇನ್ನೊಂದು ಹೆಣ್ಣುಮಕ್ಕಳ ಕಾಲೇಜು. ಫ್ರಾನ್ಸಿನ ಶಾಂಬೋರ್ ಅರಮನೆಯ ಮಾದರಿಯಲ್ಲಿ ಕೆಂಪಿಟ್ಟಿಗೆಯಲ್ಲಿ ಕಟ್ಟಿಸಿದ್ದು. 1886ರಲ್ಲಿ ಅದನ್ನು ಉದ್ಘಾಟಿಸಿದ್ದು ಸ್ವತಃ ವಿಕ್ಟೋರಿಯಾ ರಾಣಿ. ಹೆಣ್ಣಿಗೆ ಪದವಿ ಓದು ಯಾಕೆ ಎಂದು ಕೇಳುತ್ತಿದ್ದ ಕಾಲದಲ್ಲಿ ಅದು ಸಣ್ಣ ಕೆಲಸವಲ್ಲ, ಅದನ್ನು ನಾನು ಗೌರವದಿಂದಲೇ ನೆನೆಯುತ್ತೇನೆ. ಬೀಚಮ್ ಮನೆತನದ ಹಣ ಸಂಗೀತಕ್ಕೆ ಹೋಯಿತು. ಜೋಸೆಫ್‌ನ ಮಗ ಸರ್ ಥಾಮಸ್ ಬೀಚಮ್ 1932ರಲ್ಲಿ ಲಂಡನ್ ಫಿಲ್‌ಹಾರ್ಮೋನಿಕ್ ವಾದ್ಯವೃಂದವನ್ನು ಕಟ್ಟಿದ.

ಪತ್ರಗಳ ಆಟವನ್ನು ಕೊನೆಯ ಮೆಟ್ಟಿಲಿಗೆ ಒಯ್ದದ್ದು ಕೆನಡಾದ ಜಾರ್ಜ್ ಫುಲ್‌ಫರ್ಡ್. 1890ರಲ್ಲಿ 53 ಡಾಲರ್ 1 ಸೆಂಟಿಗೆ ಒಬ್ಬ ವೈದ್ಯನಿಂದ ಗುಳಿಗೆಯ ಹಕ್ಕು ಕೊಂಡು ‘ಡಾಕ್ಟರ್ ವಿಲಿಯಮ್ಸ್ ಪಿಂಕ್ ಪಿಲ್ಸ್’ ಮಾಡಿದ. ಅದರ ಜಾಹೀರಾತು ಜಾಹೀರಾತಿನಂತೆ ಇರುತ್ತಲೇ ಇರಲಿಲ್ಲ. ಊರು, ಹೆಸರು, ವೃತ್ತಿ ಸಮೇತ ಸುದ್ದಿಯ ಧಾಟಿಯಲ್ಲಿ ಬರೆದ ಕಥೆ. ಕೊನೆಯ ಸಾಲಿಗೆ ಬರುವವರೆಗೂ ಅದು ಗುಳಿಗೆಯದು ಎಂದು ತಿಳಿಯುತ್ತಿರಲಿಲ್ಲ. ಈ ಗುಳಿಗೆಯಲ್ಲಿ ಕಬ್ಬಿಣದ ಲವಣ ಇತ್ತು, ರಕ್ತ ಕಡಿಮೆಯಾಗಿ ಬಿಳಿಚಿಕೊಂಡ ಹುಡುಗಿಯರಿಗೆ ಅದರಿಂದ ಒಂದಿಷ್ಟು ಉಪಯೋಗವಾಗಿದ್ದರೂ ಆಗಿರಬಹುದು. ಆದರೆ ಪಾರ್ಶ್ವವಾಯುವೂ ಹೋಗುತ್ತದೆ ಎಂದು ಬರೆಯುತ್ತಿದ್ದರು.

ಹೆಂಗಸರಿಗೆ ಬರೆದ ಜಾಹೀರಾತುಗಳನ್ನು ಓದುವಾಗ ಮನಸ್ಸು ಕುಗ್ಗುತ್ತದೆ. ‘ಮುಟ್ಟಿನ ತಡೆ ನಿವಾರಣೆ’, ‘ಯಾವ ಕಾರಣದ ತಡೆಯಾದರೂ ಸರಿ’ ಎಂಬ ಧಾಟಿಯ ಸಾಲುಗಳು. ಬಸಿರು ಇಳಿಸುವ ಮದ್ದು ಎಂದು ಅವಳಿಗೂ ಗೊತ್ತು, ಮಾರುವವನಿಗೂ ಗೊತ್ತು. ಆರೇಳು ಮಕ್ಕಳಾದ ಮೇಲೆ ಇನ್ನೊಂದು ಹೊಟ್ಟೆಗೆ ಎಲ್ಲಿಂದ ತರಲಿ ಎಂದು ಹೆದರಿದ ತಾಯಿ, ಕೆಲಸದ ಮನೆಯಲ್ಲಿ ಮೋಸಹೋದ ಹುಡುಗಿ ಅಂಚೆಯಲ್ಲಿ ದುಡ್ಡು ಕಳಿಸುತ್ತಿದ್ದರು. ಬಹುಪಾಲು ಗುಳಿಗೆಗಳಿಂದ ಏನೂ ಆಗುತ್ತಿರಲಿಲ್ಲ. 1861ರ ಕಾನೂನಿನಲ್ಲಿ ಪ್ರಯತ್ನವೇ ಘೋರ ಅಪರಾಧ, ಹೀಗಾಗಿ ಮೋಸವಾಯಿತೆಂದು ದೂರು ಕೊಡುವ ಹಾಗೂ ಇಲ್ಲ. 1898ರಲ್ಲಿ ಮೂವರು ಅಣ್ಣತಮ್ಮಂದಿರು ಈ ಬಾಯಿಕಟ್ಟನ್ನೇ ಎರಡನೆಯ ವ್ಯಾಪಾರವಾಗಿಸಿದರು. ತಮ್ಮಲ್ಲಿ ಗುಳಿಗೆ ತರಿಸಿಕೊಂಡ ಹೆಂಗಸರ ವಿಳಾಸ ಇಟ್ಟುಕೊಂಡು, ನೀವು ಅಪರಾಧ ಮಾಡಿದ್ದೀರಿ, ಎರಡು ಗಿನಿ ಕಳಿಸದಿದ್ದರೆ ಮೊಕದ್ದಮೆ ಹೂಡುತ್ತೇವೆ ಎಂದು ಸಾವಿರಾರು ಪತ್ರ ಹಾಕಿದರು. ದುಡ್ಡು ಹೊರೆ ಹೊರೆಯಾಗಿ ಬಂತು. ಅವರು ಸಿಕ್ಕಿಬಿದ್ದು ಜೈಲಿಗೆ ಹೋದರು. ಇದೇ ದಶಕದಿಂದ ಶೆಫೀಲ್ಡ್ ಸುತ್ತಮುತ್ತ ಹೆಂಗಸರು ಡಯಾಕೈಲಾನ್ ಎಂಬ ಸೀಸದ ಮುಲಾಮನ್ನು ಗುಳಿಗೆ ಕಟ್ಟಿ ನುಂಗತೊಡಗಿದರು. ಅದು ಕೆಲಸ ಮಾಡುತ್ತಿತ್ತು. ಕಣ್ಣನ್ನೋ ಜೀವವನ್ನೋ ಜೊತೆಗೆ ಒಯ್ಯುತ್ತಿತ್ತು.

ಕಡೆಗೆ ಈ ಪೇಟೆಂಟ್ ಔಷಧಿಗಳ ವಿಚಾರಣೆಗೆ ಪಾರ್ಲಿಮೆಂಟ್ ಸಮಿತಿಯೊಂದನ್ನು ಕೂರಿಸಿತು. 1912ರಿಂದ ವಿಚಾರಣೆ ನಡೆಸಿದ ಸಮಿತಿಯ ವರದಿ ಹೊರಬಿದ್ದದ್ದು 1914ರ ಆಗಸ್ಟ್ 4ರಂದು. ಅದೇ ದಿನ ಬ್ರಿಟನ್ ಜರ್ಮನಿಯ ಮೇಲೆ ಯುದ್ಧ ಸಾರಿತು. ವರದಿಯನ್ನು ಓದುವವರಿಲ್ಲದಾಯಿತು. ಲೈಂಗಿಕ ರೋಗದ ಔಷಧಿಗಳ ಜಾಹೀರಾತಿಗೆ 1917ರಲ್ಲಿ ತಡೆ ಬಿತ್ತು, ಕ್ಯಾನ್ಸರ್ ಔಷಧಿಗಳದಕ್ಕೆ 1939ರಲ್ಲಿ. ನಮ್ಮಲ್ಲಿ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ ಬಂದದ್ದು 1954ರಲ್ಲಿ. ಗರ್ಭಪಾತ ಮಾಡಿಸುವ, ಮುಟ್ಟಿನ ದೋಷ ಕಳೆಯುವ ಔಷಧಿಗಳ ಜಾಹೀರಾತು ಅದರ ನಿಷೇಧದ ಪಟ್ಟಿಯಲ್ಲಿದೆ.

ಬ್ರಿಟನ್ನಿನಲ್ಲಿ ಹಳೆಯ ಮುದ್ರೆಚೀಟಿ ರದ್ದಾದದ್ದು, ಒಳಗೇನಿದೆ ಎಂದು ಡಬ್ಬಿಯ ಮೇಲೆ ಬರೆಯಲೇಬೇಕು ಎಂಬ ಕಾನೂನಾದದ್ದು 1941ರಲ್ಲಿ. ಥಾಮಸ್ ಬೀಚಮ್ ವಿಗನ್ ಸಂತೆಯಲ್ಲಿ ಕೂಗಿ ಮಾರತೊಡಗಿ ತೊಂಬತ್ತಕ್ಕೂ ಹೆಚ್ಚು ವರ್ಷವಾಗಿತ್ತು. ಆಗಲೂ ಅಂಗಡಿಯಲ್ಲಿ ಬೀಚಮ್ಸ್ ಪಿಲ್ಸ್ ಇತ್ತು, ಜನ ಕೊಳ್ಳುತ್ತಿದ್ದರು. ಅದರ ತಯಾರಿಕೆ ನಿಂತದ್ದು 1998ರಲ್ಲಿ.