ಕೈಯಲ್ಲಿ ಐದರ ಜೋಡಿ: ಅದೃಷ್ಟ ಎಷ್ಟು, ಲೆಕ್ಕ ಎಷ್ಟು?

ಪೋಕರ್ ಕೌಶಲ್ಯವೋ ಜೂಜೋ ಅಂತ ವಾದ ಮಾಡೋರು ಒಮ್ಮೆ ಐದರ ಜೋಡಿ ಹಿಡಿದು ಕೂರಬೇಕು. ಟೆಕ್ಸಾಸ್ ಹೋಲ್ಡೆಮ್‌ನಲ್ಲಿ ಮೊದಲು ಸಿಗೋ ಎರಡು ಎಲೆ ಜೋಡಿಯಾಗೋದು ಸರಾಸರಿ 17 ಸಲಕ್ಕೆ ಒಮ್ಮೆ. ಅದು ಶುದ್ಧ ಅದೃಷ್ಟ.

ಎಕ್ಕದ ಜೋಡಿ ಬಂದರೆ ತಲೆಬಿಸಿ ಇಲ್ಲ, ಬೆಟ್ ಏರಿಸಿ. ಒಬ್ಬನೆದುರು ಸುಮಾರು 85% ಗೆಲ್ಲೋ ಕೈ, ಎಂಟು ಜನ ಕೊನೇವರೆಗೂ ಉಳಿದರೆ 35%ಕ್ಕೆ ಕುಸಿಯುತ್ತೆ. ಸುಮ್ಮನಿದ್ದು ಎಲ್ಲರನ್ನೂ ಒಳಗೆ ಬಿಟ್ಟುಕೊಳ್ಳೋದು ಸಿನಿಮಾದಲ್ಲಷ್ಟೇ ಚಂದ.

ಐದರ ಜೋಡಿ ಹಾಗಲ್ಲ. ಫ್ಲಾಪ್‌ನಲ್ಲಿ, ಅಂದರೆ ಮೇಜಿನ ಮೇಲೆ ಬೀಳೋ ಮೊದಲ ಮೂರು ಎಲೆಗಳಲ್ಲಿ, ಇನ್ನೊಂದು ಐದು ಸಿಗೋ ಸಾಧ್ಯತೆ ಬರೀ 12%. ಎದುರಾಳಿ 100 ರೂಪಾಯಿಗೆ ಏರಿಸಿದ ಅಂದುಕೊಳ್ಳಿ. ಇಬ್ಬರ ಮುಂದೆಯೂ ಕನಿಷ್ಠ 1,500 ಇಲ್ಲದಿದ್ದರೆ ಫೋಲ್ಡ್ ಮಾಡೋದೇ ವಾಸಿ. ಎಂಟೂವರೆಗೆ ಒಮ್ಮೆ ಸಿಗೋದಾದರೆ 850 ಸಾಕಲ್ವಾ? ಸಾಲದು. ಐದು ಬಿದ್ದಾಗಲೆಲ್ಲ ಅವನು ಪೂರ್ತಿ ದುಡ್ಡು ಕೊಡಲ್ಲ, ಕೆಲವು ಸಲ ಬಿದ್ದೂ ಸೋಲ್ತೀರಿ.

ಈ ಫೋಲ್ಡ್‌ನಲ್ಲಿ ಅದೃಷ್ಟದ ಪಾಲಿಲ್ಲ. ಕೌಶಲ್ಯದ ಆಟ ಜೂಜಲ್ಲ ಎಂದೇ ಕರ್ನಾಟಕ ಹೈಕೋರ್ಟ್ 2022ರಲ್ಲಿ ರಾಜ್ಯದ ಆನ್‌ಲೈನ್ ಆಟಗಳ ನಿಷೇಧವನ್ನು ರದ್ದು ಮಾಡಿತ್ತು. 2025ರ ಕೇಂದ್ರ ಕಾಯ್ದೆ, ಹಣ ಕಟ್ಟೋ ಆನ್‌ಲೈನ್ ಆಟಗಳ ಮಟ್ಟಿಗೆ, ಆ ಗೆರೆಯನ್ನೇ ಅಳಿಸಿತು. ನನಗೆ ಹೈಕೋರ್ಟಿನ ತರ್ಕವೇ ಸರಿ ಅನಿಸುತ್ತೆ, ಪೂರ್ತಿ ನೆಮ್ಮದಿಯಿಂದಲ್ಲ. ಮೇಲಿನ ಲೆಕ್ಕ ಕೈ ಹಿಡಿಯೋದು ಸಾವಿರಾರು ಕೈ ಆಡಿದ ಮೇಲೆ. ತಿಂಗಳ ಸಂಬಳ ಹಿಡಿದು ಕೂತವನ ಹತ್ತಿರ ಅಷ್ಟರವರೆಗೆ ದುಡ್ಡು ಉಳಿದಿರಲ್ಲ.